ಸೀಮಂತಕ್ಕೆ ಮೊದಲೇ ಮುಗಿಯುವ ಕೆಲಸ

2019ರ ಜನವರಿ 9ರ ಬೆಳಿಗ್ಗೆ ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ನನ್ನ ಹೊಟ್ಟೆಯ ಮೇಲೆ ಟೇಪು ಇಟ್ಟು ಅಳೆದರು. ತಾಯಿ ಕಾರ್ಡಿನಲ್ಲಿ ಬರೆಯಲು ಹೋದವರು ಬರೆಯದೆ ಮತ್ತೊಮ್ಮೆ ಅಳೆದರು. ಎರಡನೆಯ ಸಲವೂ 26 ಸೆಂಟಿಮೀಟರೇ ಬಂತು. ನನಗೆ ಆಗ 30 ವಾರ 3 ದಿನ ತುಂಬಿತ್ತು. 24 ವಾರ ದಾಟಿದ ಮೇಲೆ ಗರ್ಭಕೋಶದ ಎತ್ತರ ಸೆಂಟಿಮೀಟರಿನಲ್ಲಿ ಹೆಚ್ಚುಕಡಿಮೆ ವಾರಗಳ ಸಂಖ್ಯೆಯಷ್ಟೇ ಇರಬೇಕೆಂದೂ, ಒಂದೆರಡು ಸೆಂಟಿಮೀಟರ್ ಆಚೀಚೆಯಾದರೆ ಚಿಂತಿಸಬೇಕಿಲ್ಲವೆಂದೂ, ನಾಲ್ಕು ಕಡಿಮೆಯಾದರೆ ಸುಮ್ಮನಿರಬಾರದೆಂದೂ ಅವರು ನಿಧಾನವಾಗಿ ವಿವರಿಸಿದರು. ಆಮೇಲೆ ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಬಿಪಿ 146/94 ಇತ್ತು. ಪ್ರತಿ ತಿಂಗಳ 9ನೇ ತಾರೀಖಿನಂದು ಗರ್ಭಿಣಿಯರನ್ನು ತಪಾಸಣೆ ಮಾಡುವ ಏರ್ಪಾಡು ಇಲ್ಲದಿದ್ದರೆ ನಾನು ಆ ದಿನ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ, ಏಕೆಂದರೆ ಮನೆಯಲ್ಲಿ ಅಡಿಕೆ ಕೊನೆಕೊಯ್ಲು ನಡೆದಿತ್ತು, ಮತ್ತು ನನಗೆ ಯಾವ ನೋವೂ ಇರಲಿಲ್ಲ.

ಹೊಟ್ಟೆ ಚಿಕ್ಕದಾಗಿದೆ ಎಂಬುದು ಮನೆಯವರ ಕಣ್ಣಿಗೂ ಬಿದ್ದಿತ್ತು. ಆದರೆ ಅದನ್ನು ಎಲ್ಲರೂ ಒಳ್ಳೆಯ ಲಕ್ಷಣವೆಂದೇ ತಿಳಿದಿದ್ದರು. ಅತ್ತೆಯವರು, "ಹೊಟ್ಟೆ ಸಣ್ಣಕಿದ್ರೆ ಒಳ್ಳೇದೇ ಮಗಾ, ಹೆರಿಗೆ ಸಲೀಸಾಗ್ತದೆ" ಎಂದು ಧೈರ್ಯ ಹೇಳುತ್ತಿದ್ದರು. ಅವರು ನಾಲ್ಕು ಮಕ್ಕಳನ್ನು ಇದೇ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹೆತ್ತವರು, ಅವರ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಆ ಕಾಲದಲ್ಲಿ ದೊಡ್ಡ ಮಗು ಎಂದರೆ ಹೆರಿಗೆಯಲ್ಲಿ ತಾಯಿಯ ಜೀವಕ್ಕೇ ಕುತ್ತು. ಹಾಗಾಗಿ ಸಣ್ಣ ಹೊಟ್ಟೆಯನ್ನು ಹಾರೈಸುವುದು ನಮ್ಮ ಹಿರಿಯ ಹೆಂಗಸರಿಗೆ ಸಹಜವಾಗಿಯೇ ಬಂದಿದೆ ಎಂದು ಈಗ ನನಗೆ ಅನ್ನಿಸುತ್ತದೆ.

ಆ ಬೆಳಿಗ್ಗೆಯ ತನಕ ಏನೇನಾಗಿತ್ತು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ನಾನು ಊರಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು. ನಮ್ಮ ಮನೆ ಮುಖ್ಯರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗಿದೆ. ಮೊದಲ ಬಾರಿ ಗರ್ಭಿಣಿಯಾದದ್ದು 2018ರ ಜೂನ್ ಕೊನೆಯಲ್ಲಿ, ಗೊತ್ತಾದದ್ದು ಜುಲೈ ನಡುವಿನಲ್ಲಿ. ಆ ವರ್ಷದ ಆಗಸ್ಟಿನ ಮಳೆಯನ್ನು ಮಲೆನಾಡಿನವರು ಮರೆಯಲಾರರು. ದರೆ ಕುಸಿದು ರಸ್ತೆ ಕಟ್ಟಿಹೋಗಿ, ಬಸ್ಸು ದಿನಗಟ್ಟಲೆ ನಿಂತುಹೋಗಿತ್ತು. ವಾಂತಿಯಿಂದ ಅನ್ನದ ವಾಸನೆಯೇ ಆಗದಿದ್ದ ನಾನು, ಮಳೆ ಬಿಡಲಿ, ಹೊಟ್ಟೆ ಸ್ವಲ್ಪ ಕಾಣಲಿ, ಆಮೇಲೆ ಹೋದರಾಯಿತು ಎಂದುಕೊಂಡೆ. ಮೊದಲ ಮೂರು ತಿಂಗಳು ಯಾರಿಗೂ ಹೇಳಬಾರದೆಂಬ ರೂಢಿಯೂ ಅದಕ್ಕೆ ಸೇರಿಕೊಂಡಿತು. ಹೀಗೆ ಹನ್ನೆರಡು ವಾರದೊಳಗೆ ಆಗಬೇಕಿದ್ದ ನೋಂದಣಿ ಹದಿನೈದನೆಯ ವಾರಕ್ಕೆ ಆಯಿತು. ಆ ದಿನ ಹಿಮೋಗ್ಲೋಬಿನ್ 8.6 ಗ್ರಾಂ ಇತ್ತು. ಗರ್ಭಿಣಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಇಳಿದರೆ ತೀವ್ರ ಎಂಬ ಲೆಕ್ಕವನ್ನು ನಾನು ಮೊದಲು ಕೇಳಿದ್ದೇ ಅಲ್ಲಿ. ಆ ಹೊತ್ತಿಗೆ ನನಗೆ ಮಳೆ ಬಿದ್ದ ಮಣ್ಣಿನ ವಾಸನೆಯ ಮೇಲೆ ವಿಪರೀತ ಆಸೆ ಹುಟ್ಟಿ, ಬಚ್ಚಲ ಗೋಡೆಯ ಚಕ್ಕೆಯನ್ನು ಕದ್ದು ಬಾಯಿಗೆ ಹಾಕಿಕೊಂಡದ್ದೂ ಇತ್ತು. ಅದನ್ನು ಬಯಕೆ ಎಂದುಕೊಂಡಿದ್ದೆ. ಮಣ್ಣು, ಬೂದಿ, ಹಸಿ ಅಕ್ಕಿಯ ಇಂಥ ಆಸೆ ಅನೇಕ ಸಲ ಕಬ್ಬಿಣದ ಕೊರತೆಯ ಗುರುತು ಎಂದು ಆಶಾ ಅಕ್ಕ ಹೇಳಿದಾಗ ನಾಚಿಕೆಗಿಂತ ಹೆಚ್ಚಾಗಿ ಸಮಾಧಾನವಾಯಿತು.

ದಿನಕ್ಕೊಂದು ಕೆಂಪು ಮಾತ್ರೆ ಕೊಟ್ಟರು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನನ್ನ ಹಿಮೋಗ್ಲೋಬಿನ್ ಅಷ್ಟು ಕಡಿಮೆಯಿದ್ದುದರಿಂದ ದಿನಕ್ಕೆರಡು ಎಂದರು. ಮಾತ್ರೆಯನ್ನು ನಾನು ತಪ್ಪಿಸಲಿಲ್ಲ. ಆದರೆ ಬೆಳಿಗ್ಗೆ ತಿಂಡಿಯ ಜೊತೆ ಕಾಫಿ ಕುಡಿದು, ಅದರ ಹಿಂದೆಯೇ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಒಟ್ಟಿಗೆ ನುಂಗುತ್ತಿದ್ದೆ. ಕಾಫಿ ಚಹಾಗಳು ಕಬ್ಬಿಣವನ್ನು ಕರುಳು ಹೀರದಂತೆ ತಡೆಯುತ್ತವೆ, ಕ್ಯಾಲ್ಸಿಯಂ ಕೂಡ ಅಡ್ಡ ಬರುತ್ತದೆ, ಎರಡರ ನಡುವೆ ಕನಿಷ್ಠ ಎರಡು ಗಂಟೆಯಾದರೂ ಅಂತರವಿರಬೇಕು ಎಂಬುದು ತಿಳಿದದ್ದು ಮೂರು ತಿಂಗಳಾದ ಮೇಲೆ. ಅಷ್ಟು ಮಾತ್ರೆ ತಿಂದರೂ ಹಿಮೋಗ್ಲೋಬಿನ್ 9.1ಕ್ಕೆ ನಿಂತಿತ್ತು.

ಇಪ್ಪತ್ತನೆಯ ವಾರದ ಸ್ಕ್ಯಾನಿಂಗ್ ಅನ್ನು ಶಿವಮೊಗ್ಗದ ಒಂದು ಕಡೆ ಮಾಡಿಸಿದೆವು. ಮಗುವಿನ ಅಂಗಾಂಗಗಳೆಲ್ಲ ಸರಿಯಾಗಿವೆ ಎಂದು ಹೇಳಿ ವರದಿಯನ್ನು ಕವರಿಗೆ ಹಾಕಿ ಕೊಟ್ಟರು, ನಾವೂ ಸಂತೋಷದಿಂದ ಮಡಚಿ ಇಟ್ಟುಕೊಂಡೆವು. ಆ ವರದಿಯ ಕೊನೆಯ ಸಾಲಿನಲ್ಲಿ, ಗರ್ಭಕೋಶದ ಎರಡೂ ಅಪಧಮನಿಗಳಲ್ಲಿ ರಕ್ತದ ಹರಿವಿಗೆ ಅಡ್ಡಿ ಹೆಚ್ಚಾಗಿದೆ ಎಂದು ಬರೆದಿತ್ತು. ಬರೆದವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ವರದಿ ನೋಡಿದ ಖಾಸಗಿ ವೈದ್ಯರು ಕೊನೆಯ ಸಾಲಿನ ತನಕ ಓದಲಿಲ್ಲ, ಇಂಗ್ಲಿಷ್ ಓದಬಲ್ಲ ನಾನೂ ಓದಲಿಲ್ಲ. ಆ ಒಂದು ಸಾಲಿನ ಬಗ್ಗೆ ನನಗೆ ಇಂದಿಗೂ ದುಃಖವಿದೆ. ಅದನ್ನು ಆಗಲೇ ಗಮನಿಸಿದ್ದರೆ ಮಗುವಿನ ಬೆಳವಣಿಗೆಯನ್ನೂ ನನ್ನ ಬಿಪಿಯನ್ನೂ ಎರಡು ವಾರಕ್ಕೊಮ್ಮೆ ನೋಡುತ್ತಿದ್ದರು.

ಜನವರಿ 10ರಂದು ಶಿವಮೊಗ್ಗದ ಆಸ್ಪತ್ರೆಯಲ್ಲಿ ಮತ್ತೆ ಸ್ಕ್ಯಾನಿಂಗ್ ಆಯಿತು. ಮಗುವಿನ ಅಂದಾಜು ತೂಕ 1050 ಗ್ರಾಂ ಬಂತು. ಆ ವಾರದ ನೂರು ಮಕ್ಕಳನ್ನು ಹಗುರದಿಂದ ಭಾರಕ್ಕೆ ಸಾಲಾಗಿ ನಿಲ್ಲಿಸಿದರೆ ನನ್ನ ಮಗು ಮೊದಲ ಮೂವರಲ್ಲಿ ಒಂದು ಎಂದು ವೈದ್ಯೆ ಹೇಳಿದರು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಹೊಕ್ಕುಳಬಳ್ಳಿಯ ಅಪಧಮನಿಯಲ್ಲಿ ರಕ್ತ ಹರಿಯುತ್ತಿತ್ತು, ಆದರೆ ಮಗುವಿನ ಹೃದಯದ ಎರಡು ಬಡಿತಗಳ ನಡುವಿನ ಹರಿವು ತೆಳ್ಳಗಾಗಿತ್ತು. ನಾನು ಕೇಳಿದ ಮೊದಲ ಪ್ರಶ್ನೆ, "ಡಾಕ್ಟ್ರೇ, ನಾನೇನು ತಿನ್ನಬೇಕಿತ್ತು?" ಎಂದು. ಅವರು, "ನೀವು ತಿಂದದ್ದು ಮಗುವಿಗೆ ಮುಟ್ಟಬೇಕಲ್ಲಮ್ಮ. ಮುಟ್ಟಿಸುವುದು ಮಾಸು. ಮೊದಲು ಅದರ ವಿಷಯ ತಿಳ್ಕೊಳ್ಳಿ" ಎಂದು ಒಂದು ಹಾಳೆ ತೆಗೆದು ಚಿತ್ರ ಬರೆದರು. ಹೊರಗೆ ಅಷ್ಟು ಜನ ಕಾಯುತ್ತಿದ್ದಾಗ ಆ ವೈದ್ಯೆ ನನಗಾಗಿ ಕೊಟ್ಟ ಹತ್ತು ನಿಮಿಷವನ್ನು ನಾನು ಮರೆಯಲಾರೆ.

ಪುಸ್ತಕದಲ್ಲಿ ಜರಾಯು ಎನ್ನುವ, ನಮ್ಮ ಕಡೆ ಮಾಸು ಎಂದು ಕರೆಯುವ ಆ ಅಂಗವನ್ನು ನಾನು ಮಗುವಿನ ಚೀಲವೆಂದೇ ಭಾವಿಸಿದ್ದೆ. ಅದು ಬೇರಿನ ಹಾಗೆ ಕೆಲಸ ಮಾಡುವ ಅಂಗ. ಗರ್ಭ ನಿಂತ ಮೊದಲ ವಾರಗಳಲ್ಲೇ ಭ್ರೂಣದ ಹೊರಪದರದ ಜೀವಕೋಶಗಳು ಗರ್ಭಕೋಶದ ಗೋಡೆಯೊಳಕ್ಕೆ ಇಳಿಯುತ್ತವೆ. ಮರದ ಕೊಂಬೆಯೊಳಕ್ಕೆ ಬಂದಣಿಕೆ ಬೇರಿಳಿಸುವುದನ್ನು ತೋಟದಲ್ಲಿ ಕಂಡಿದ್ದ ನನಗೆ ಇದು ತಕ್ಷಣ ಅರ್ಥವಾಯಿತು. ಹಾಗೆ ಇಳಿದ ಜೀವಕೋಶಗಳು ಅಲ್ಲಿರುವ ತಾಯಿಯ ಸುರುಳಿ ಅಪಧಮನಿಗಳ ಗೋಡೆಯನ್ನು ಹೊಕ್ಕು, ಅದರ ಸ್ನಾಯುವನ್ನು ಕರಗಿಸಿ, ಸಪೂರ ನಾಳಗಳನ್ನು ಅಗಲವಾದ, ಬಿಗಿಯಲಾರದ ಕಾಲುವೆಗಳನ್ನಾಗಿ ಮಾಡುತ್ತವೆ. ಈ ಕೆಲಸ ಸುಮಾರು ಇಪ್ಪತ್ತನೆಯ ವಾರದ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ತಾಯಿಯ ರಕ್ತ ಆ ಕಾಲುವೆಗಳಿಂದ ಮಾಸಿನೊಳಗಿನ ಬಯಲಿಗೆ ನಿಧಾನವಾಗಿ ಹರಿದುಬಂದು, ಅಲ್ಲಿ ತೂಗಾಡುವ ಸಾವಿರಾರು ಎಳೆಬೇರಿನಂಥ ಕುಚ್ಚುಗಳನ್ನು ತೊಯ್ಯಿಸುತ್ತದೆ. ಕುಚ್ಚುಗಳ ಒಳಗೆ ಹರಿಯುವುದು ಮಗುವಿನ ರಕ್ತ. ಎರಡೂ ರಕ್ತ ಬೆರೆಯುವುದಿಲ್ಲ. ನಡುವಿನ ತೆಳುಪೊರೆಯ ಮೂಲಕ ಆಮ್ಲಜನಕ, ಸಕ್ಕರೆ, ಕಬ್ಬಿಣ ಎಲ್ಲವೂ ಆಚೆ ದಾಟುತ್ತವೆ, ಮಗುವಿನ ಕಲ್ಮಶ ಈಚೆ ಬರುತ್ತದೆ. ತಿಂಗಳು ತುಂಬುವ ವೇಳೆಗೆ ಈ ಪೊರೆಯನ್ನು ಬಿಡಿಸಿ ಹಾಸಿದರೆ ಹತ್ತು ಚದರ ಮೀಟರಿಗೂ ಮಿಕ್ಕಿ ಹರಡುತ್ತದೆ, ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಬರುತ್ತಿರುತ್ತದೆ.

ನನ್ನಲ್ಲಿ ಆ ಕಾಲುವೆಗಳು ಅಗಲವಾಗಿರಲಿಲ್ಲ. ಇದನ್ನು ಮನೆಯವರಿಗೆ ಹೇಗೆ ತಿಳಿಸುವುದೆಂದು ಯೋಚಿಸಿದಾಗ ನನಗೆ ಹೊಳೆದದ್ದು ನಮ್ಮ ಅಬ್ಬಿ ನೀರು. ಗುಡ್ಡದ ಅಬ್ಬಿಯಿಂದ ಅಡಿಕೆ ಮರವನ್ನು ಸೀಳಿ ಕೊರೆದ ದಂಬೆಯಲ್ಲಿ ನೀರು ತಂದು ಎತ್ತರದಿಂದ ಬಿಟ್ಟರೆ, ಅದು ರಭಸದಿಂದ ಬಿದ್ದು ಕೆಳಗಿನ ಮಣ್ಣನ್ನು ಕೊರೆದು ಗುಂಡಿ ಮಾಡುತ್ತದೆ, ಸುತ್ತಲಿನ ಗಿಡಗಳ ಬೇರು ತೊಳೆದುಹೋಗುತ್ತದೆ, ಆದರೂ ತೋಟಕ್ಕೆ ನೀರು ಸಾಲುವುದಿಲ್ಲ. ಅದೇ ನೀರನ್ನು ಅಗಲ ಕಾಲುವೆಗೆ ಇಳಿಸಿದರೆ ಸದ್ದಿಲ್ಲದೆ ಬುಡಬುಡಕ್ಕೂ ಹೋಗುತ್ತದೆ. ಇಕ್ಕಟ್ಟಾಗಿಯೇ ಉಳಿದ ನಾಳಗಳಿಂದ ರಕ್ತ ಚಿಮ್ಮಿ ಬಂದು ಮಾಸಿನ ಎಳೆ ಕುಚ್ಚುಗಳನ್ನು ಘಾಸಿ ಮಾಡುತ್ತದೆ, ಕೆಲವು ಭಾಗಕ್ಕೆ ರಕ್ತವೇ ಮುಟ್ಟದೆ ಅದು ಸಾಯುತ್ತದೆ. ಹೀಗೆ ನರಳುವ ಮಾಸು ಕೆಲವು ಪ್ರೋಟೀನುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅವು ತಾಯಿಯ ರಕ್ತನಾಳಗಳ ಒಳಪದರವನ್ನು ಕೆಡಿಸಿ, ಬಿಪಿ ಏರಿಸಿ, ಮೂತ್ರಪಿಂಡಗಳಿಂದ ಪ್ರೋಟೀನ್ ಸೋರುವಂತೆ ಮಾಡುತ್ತವೆ. ನನ್ನ ಬಿಪಿ ಏರಿದ್ದರಿಂದ ಮಗು ಸೊರಗಿತು ಎಂದು ನಾನು ತಿಳಿದಿದ್ದೆ. ನಿಜವಾಗಿ ಎರಡೂ ಒಂದೇ ಬುಡದಿಂದ ಬಂದವು. ಗಂಡನಿಗೆ ಈ ದಂಬೆಯ ಲೆಕ್ಕ ಹೇಳಿದ ಕೂಡಲೇ ಅವರು, "ಹಾಗಾದ್ರೆ ಕಾಲುವೆ ಕಡಿಯೋ ಹೊತ್ತಿಗೆ ನಾವು ಮಳೆ ನೋಡ್ತಾ ಕೂತಿದ್ವು" ಎಂದರು. ಅದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು.

ಧನುರ್ಮಾಸಕ್ಕೆ ಮೊದಲು, ಡಿಸೆಂಬರ್ ಮೊದಲ ವಾರದಲ್ಲಿ ನನಗೆ ಸೀಮಂತ ಮಾಡಿದ್ದರು. ಅಂದಿನಿಂದ ಎಲ್ಲರ ಕಣ್ಣೂ ನನ್ನ ಮೇಲಿತ್ತು. ತುಪ್ಪ, ಹಣ್ಣು, ಚಕ್ಕುಲಿ, ಮೂರು ಹೊತ್ತೂ ಒತ್ತಾಯದ ಊಟ. ನಮ್ಮ ಮನೆಗಳಲ್ಲಿ ಬಸುರಿಗೆ ಆರೈಕೆ ಶುರುವಾಗುವುದೇ ಏಳನೆಯ ತಿಂಗಳಲ್ಲಿ. ಮಾಸು ಬೇರಿಳಿಸಿ ಕಾಲುವೆ ಕಡಿಯುವ ಕೆಲಸ ಐದನೆಯ ತಿಂಗಳಿಗೇ ಮುಗಿದಿರುತ್ತದೆ. ಮೊದಲ ಹತ್ತು ಹನ್ನೆರಡು ವಾರ ತಾಯಿಯ ರಕ್ತ ಮಾಸಿನೊಳಕ್ಕೆ ಪೂರ್ತಿ ಹರಿದೂ ಇರುವುದಿಲ್ಲ, ಗರ್ಭಕೋಶದ ಒಳಪದರದ ಗ್ರಂಥಿಗಳು ಸ್ರವಿಸುವ ರಸವೇ ಆಗ ಭ್ರೂಣಕ್ಕೆ ಆಹಾರ. ಅಂದರೆ ತಾಯಿ ಬಸುರಿಯಾಗುವ ಮೊದಲು ಎಷ್ಟು ಗಟ್ಟಿಯಾಗಿದ್ದಳು ಎಂಬುದೇ ಆ ದಿನಗಳಲ್ಲಿ ದೊಡ್ಡ ಸಂಗತಿಯಾಗುತ್ತದೆ. ನಾನು 43 ಕಿಲೋ ತೂಕದಲ್ಲಿ, ಮದುವೆಗೆ ಮುಂಚಿನಿಂದಲೂ ಇದ್ದ ರಕ್ತಹೀನತೆಯಲ್ಲಿ ಗರ್ಭಿಣಿಯಾದವಳು.

ಇನ್ನೊಂದು ಸಂಗತಿ ನಮ್ಮ ತೋಟದ ಮನೆಗಳಿಗೇ ಸಂಬಂಧಿಸಿದ್ದು. ನವೆಂಬರಿನಿಂದ ಜನವರಿ ತನಕ ನಮ್ಮಲ್ಲಿ ಸುಲಿದ ಅಡಿಕೆಯನ್ನು ದೊಡ್ಡ ಹಂಡೆಯಲ್ಲಿ ಬೇಯಿಸುತ್ತಾರೆ. ರಾತ್ರಿ ಹತ್ತರ ತನಕ ಒಲೆ ಉರಿಯುತ್ತದೆ, ಹಸಿ ಸೌದೆಯ ಹೊಗೆ ಅಂಗಳದಿಂದ ಜಗಲಿಗೂ ಅಡುಗೆಮನೆಗೂ ತುಂಬಿಕೊಳ್ಳುತ್ತದೆ. ಸಂಘದ ಕೆಲಸ ಮುಗಿಸಿ ಬಂದವಳು ನಾನು ಆ ಒಲೆಯ ಮುಂದೆ ಕುಳಿತು ಉರಿ ನೋಡಿಕೊಳ್ಳುತ್ತಿದ್ದೆ, ಅದು ಹಗುರ ಕೆಲಸವೆಂದೇ ನನಗೆ ಕೊಟ್ಟಿದ್ದರು. ಸೌದೆಯ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಮೊದಲೇ ಒಂಬತ್ತು ಗ್ರಾಂ ಇದ್ದ ನನ್ನ ರಕ್ತದಲ್ಲಿ ಅದೂ ಒಂದು ಪಾಲು ಕಿತ್ತುಕೊಂಡರೆ ಮಗುವಿಗೆ ಉಳಿಯುವುದೆಷ್ಟು? ಕವಳದ ಮಾತೂ ಇಲ್ಲಿಯೇ ಹೇಳಬೇಕು. ಊಟವಾದ ಮೇಲೆ ಎಲೆ ಅಡಿಕೆ ಹಾಕಿದರೆ ವಾಕರಿಕೆ ನಿಲ್ಲುತ್ತದೆಂದು ನಮ್ಮಲ್ಲಿ ಬಸುರಿಯರಿಗೆ ಕೊಡುವ ವಾಡಿಕೆಯಿದೆ, ನಾನೂ ಹಾಕಿದ್ದೆ. ಅಡಿಕೆ ಜಗಿಯುವ ತಾಯಂದಿರ ಮಕ್ಕಳ ತೂಕ ಕಡಿಮೆಯಿರುವುದನ್ನು ಬೇರೆ ಬೇರೆ ದೇಶಗಳ ಅಧ್ಯಯನಗಳು ಕಂಡಿವೆ. ಅಡಿಕೆಯಿಂದಲೇ ಬದುಕುವ ಮನೆಯವಳಾಗಿ ಇದನ್ನು ಬರೆಯುವುದು ಸುಲಭವಲ್ಲ, ಆದರೆ ಗರ್ಭಿಣಿ ಕವಳ ಹಾಕಬಾರದೆಂದು ನಾನೀಗ ಯಾರ ಮುಂದೆಯೂ ಹೇಳುತ್ತೇನೆ.

ಐದು ದಿನ ಆಸ್ಪತ್ರೆಯಲ್ಲಿದ್ದೆ. ಲ್ಯಾಬೆಟಲಾಲ್ ಮಾತ್ರೆಯಿಂದ ಬಿಪಿ ಹತೋಟಿಗೆ ಬಂತು. ಮಗುವಿನ ಶ್ವಾಸಕೋಶ ಬೇಗ ಪಕ್ವವಾಗಲೆಂದು 24 ಗಂಟೆಯ ಅಂತರದಲ್ಲಿ 12 ಮಿಲಿಗ್ರಾಮಿನ ಎರಡು ಬೀಟಾಮೆಥಸೋನ್ ಚುಚ್ಚುಮದ್ದು ಕೊಟ್ಟರು. ರಕ್ತನಾಳದ ಮೂಲಕ ಕಬ್ಬಿಣದ ಇಂಜೆಕ್ಷನ್ ಹನಿಹನಿಯಾಗಿ ಏರಿಸಿದರು. ಆಮೇಲೆ ಊರಿಗೆ ಹಿಂದಿರುಗದೆ ಶಿವಮೊಗ್ಗದಲ್ಲೇ ಚಿಕ್ಕಮ್ಮನ ಮನೆಯಲ್ಲಿ ಉಳಿದೆ, ವಾರಕ್ಕೆರಡು ಸಲ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನಿಂಗಿಗೆ ಹೋಗಬೇಕಿತ್ತು. ಒಂದು ಸಲ ಚಿಕಿತ್ಸೆಯಿಂದ ಮಾಸನ್ನು ಸರಿಮಾಡಲಾಗದೇ ಎಂದು ವೈದ್ಯೆಯನ್ನು ಕೇಳಿದೆ. ಕೆಟ್ಟಿರುವ ಮಾಸನ್ನು ಮತ್ತೆ ಕಟ್ಟುವ ಔಷಧ ಇಲ್ಲ, ಮಗು ಒಳಗಿದ್ದರೆ ಎಷ್ಟು ಅಪಾಯ, ಹೊರಗೆ ಬಂದರೆ ಎಷ್ಟು ಅಪಾಯ ಎಂದು ದಿನದಿನಕ್ಕೂ ತೂಗಿ ನೋಡುವುದೇ ಈಗ ನಮ್ಮ ಕೈಲಿರುವುದು ಎಂದರು. ನಾನು ಎಡಮಗ್ಗುಲಿಗೆ ಮಲಗುತ್ತಿದ್ದೆ, ಏಕೆಂದರೆ ಅಂಗಾತ ಮಲಗಿದರೆ ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಅಭಿಧಮನಿಯ ಮೇಲೆ ಬಿದ್ದು ಮಾಸಿಗೆ ಹೋಗುವ ರಕ್ತವೂ ತಗ್ಗುತ್ತದೆ. ಊಟವಾದ ಮೇಲೆ ಮಲಗಿ ಮಗುವಿನ ಒದೆತ ಎಣಿಸುತ್ತಿದ್ದೆ. ಎರಡು ಗಂಟೆಯಲ್ಲಿ ಹತ್ತು ಸಲ ಮಿಸುಕದಿದ್ದರೆ ಕೂಡಲೇ ಬರಬೇಕೆಂದು ಹೇಳಿದ್ದರು. ಹತ್ತನೆಯ ಒದೆತ ಬರುವ ತನಕ ಚಿಕ್ಕಮ್ಮನೂ ಪಕ್ಕದಲ್ಲಿ ಮಾತಿಲ್ಲದೆ ಕೂತಿರುತ್ತಿದ್ದರು.

ಡಾಪ್ಲರಿನಲ್ಲಿ ಅವರು ಹುಡುಕುತ್ತಿದ್ದುದು ಮೂರು ಸಂಗತಿ. ಹೊಕ್ಕುಳಬಳ್ಳಿಯಲ್ಲಿ ಎರಡು ಅಪಧಮನಿ, ಒಂದು ಅಭಿಧಮನಿ ಇರುತ್ತವೆ. ಮಾಸು ಮೆದುವಾಗಿದ್ದರೆ ಮಗುವಿನ ಹೃದಯ ಸಡಿಲಗೊಂಡ ಕ್ಷಣದಲ್ಲೂ ಅಪಧಮನಿಯಲ್ಲಿ ರಕ್ತ ಮುಂದಕ್ಕೇ ಹರಿಯುತ್ತಿರುತ್ತದೆ. ಮಾಸು ಗಡುಸಾದಂತೆ ಆ ಹರಿವು ಕಡಿಮೆಯಾಗಿ, ನಿಂತು, ಕೊನೆಗೆ ಹಿಂದಕ್ಕೂ ಬರಬಹುದು. ಎರಡನೆಯದು ಮಗುವಿನ ಮಿದುಳಿನ ಅಪಧಮನಿ. ಆಮ್ಲಜನಕ ಸಾಲದ ಮಗು ಹೊಟ್ಟೆ, ಮೂತ್ರಪಿಂಡಗಳಿಗೆ ಹೋಗುವ ರಕ್ತವನ್ನು ತಗ್ಗಿಸಿ ಮಿದುಳಿಗೆ ಹೆಚ್ಚು ಕಳಿಸುತ್ತದೆ. ನನ್ನ ಮಗುವಿನ ತಲೆಯ ಅಳತೆ ವಾರಕ್ಕೆ ಸರಿಯಾಗಿದ್ದು ಹೊಟ್ಟೆಯ ಸುತ್ತಳತೆ ಮಾತ್ರ ಹಿಂದೆ ಬಿದ್ದಿದ್ದು ಇದರಿಂದಲೇ. ಇನ್ನೂ ಹುಟ್ಟದ ಒಂದು ಜೀವ ಇದ್ದುದರಲ್ಲೇ ಮುಖ್ಯವಾದದ್ದನ್ನು ಕಾಪಾಡಿಕೊಳ್ಳುತ್ತಿದೆ ಎಂದು ತಿಳಿದ ದಿನ ನಾನು ಬಹಳ ಅತ್ತೆ. ಮೂರನೆಯದು ಸುತ್ತಲಿನ ನೀರು, ಮೂತ್ರಪಿಂಡಕ್ಕೆ ರಕ್ತ ಕಡಿಮೆಯಾದರೆ ಮಗು ಮೂತ್ರ ಮಾಡುವುದು ಕಡಿಮೆಯಾಗಿ ಆ ನೀರೂ ಇಳಿಯುತ್ತದೆ.

ಆ ಸಾಲಿನಲ್ಲಿ ನನ್ನ ಜೊತೆ ಕಾಯುತ್ತಿದ್ದ ಒಬ್ಬ ಹೆಂಗಸಿನದು ಇದಕ್ಕೆ ತದ್ವಿರುದ್ಧ. ಅವರಿಗೆ ಗರ್ಭಿಣಿಯಾದಾಗ ಸಕ್ಕರೆ ಕಾಯಿಲೆ ಬಂದಿತ್ತು, ಮಗು ವಾರಕ್ಕಿಂತ ದೊಡ್ಡದಾಗಿ ಬೆಳೆದಿತ್ತು. ತಾಯಿಯ ಸಕ್ಕರೆ ಮಾಸನ್ನು ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಬಂದ ಸಕ್ಕರೆಯನ್ನು ಅರಗಿಸಲು ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿ ಕೊಬ್ಬು ಕಟ್ಟಿಕೊಳ್ಳುತ್ತದೆ. ಅವರ ಮನೆಯವರು ಮಗು ದುಂಡಗಿದೆ ಎಂದು ಹಿಗ್ಗಿದ್ದರಂತೆ.

ಫೆಬ್ರವರಿ 2ರಂದು, 33 ವಾರ 6 ದಿನವಾಗಿದ್ದಾಗ, ಎರಡು ಬಡಿತಗಳ ನಡುವಿನ ಹರಿವು ನಿಂತುಹೋಗಿದ್ದು ಕಂಡಿತು. ನನ್ನ ಬಿಪಿ 160/110 ಮುಟ್ಟಿತ್ತು, ತಲೆ ಸಿಡಿಯುತ್ತಿತ್ತು. ಫಿಟ್ಸ್ ಬಾರದಂತೆ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟು, ಮರುದಿನ ಬೆಳಿಗ್ಗೆ ಸಿಸೇರಿಯನ್ ಮಾಡಿದರು. ಹೆಣ್ಣು ಮಗು, 1480 ಗ್ರಾಂ. ಅತ್ತಳು.

ಮಾಸನ್ನು ನೋಡಬೇಕೆಂದು ನಾನು ಮೊದಲೇ ಕೇಳಿಕೊಂಡಿದ್ದೆ. ತಿಂಗಳು ತುಂಬಿದ ಮಾಸು ಸುಮಾರು ಅರ್ಧ ಕಿಲೋ ತೂಗುತ್ತದೆ, ಇಪ್ಪತ್ತು ಸೆಂಟಿಮೀಟರಿಗೂ ಹೆಚ್ಚು ಅಗಲವಿರುತ್ತದೆ. ನನ್ನದು 290 ಗ್ರಾಂ ಇತ್ತು. ತಟ್ಟೆಯಲ್ಲಿಟ್ಟು ತೋರಿಸಿದಾಗ ಕಡುಕೆಂಪಾದ, ಮೆತ್ತನೆಯ ಹಾಸಿನ ನಡುವೆ ಅಲ್ಲಲ್ಲಿ ಬಿಳಿಚಿಕೊಂಡ, ಗಟ್ಟಿಯಾದ ತೇಪೆಗಳಿದ್ದವು. ರಕ್ತ ತಲುಪದೆ ಸತ್ತ ಭಾಗಗಳು ಅವು. ಸತ್ತ ಭಾಗಗಳನ್ನು ಬಿಟ್ಟು ಉಳಿದಷ್ಟರಿಂದಲೇ ಅದು ನನ್ನ ಮಗುವನ್ನು 34 ವಾರ ಸಾಕಿತ್ತು. ನಮ್ಮ ಮನೆಯಲ್ಲಿ ಮಾಸನ್ನು ಬಚ್ಚಲ ಹಿಂದೆ ಗುಂಡಿ ತೋಡಿ ಹೂಳುತ್ತಿದ್ದರೆಂದು ಅತ್ತೆ ಹೇಳಿದ್ದರು, ಅದಕ್ಕೊಂದು ಕಲ್ಲನ್ನೂ ಇಡುತ್ತಿದ್ದರಂತೆ. ಅಷ್ಟು ಗೌರವದಿಂದ ಹೂಳುವವರು ಅದನ್ನು ಒಮ್ಮೆ ತಿರುವಿ ನೋಡುತ್ತಿರಲಿಲ್ಲ.

ಮಗು 22 ದಿನ ನವಜಾತ ಶಿಶು ವಿಭಾಗದಲ್ಲಿತ್ತು. ಹೊಟ್ಟೆಯಲ್ಲಿ ಸೊರಗಿದ ಮಗುವಿಗೆ ಪಿತ್ತಜನಕಾಂಗದಲ್ಲಿ ಸಕ್ಕರೆಯ ದಾಸ್ತಾನೂ ಚರ್ಮದಡಿ ಕೊಬ್ಬೂ ಇರುವುದಿಲ್ಲವಾದ್ದರಿಂದ ಮೊದಲ ಎರಡು ದಿನ ಮೇಲಿಂದ ಮೇಲೆ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡುತ್ತಿದ್ದರು. ಹಿಂಡಿದ ಹಾಲನ್ನು ನಳಿಕೆಯಲ್ಲಿ ಎರಡು ಗಂಟೆಗೊಮ್ಮೆ ಕೊಟ್ಟರು, ಐದನೆಯ ದಿನದಿಂದ ಎದೆಗವಚಿ ಮಲಗಿಸಿಕೊಳ್ಳುವ ಕಾಂಗರೂ ಆರೈಕೆಗೆ ನನ್ನ ಕೈಗಿತ್ತರು. 1760 ಗ್ರಾಂ ತೂಕದಲ್ಲಿ ಮನೆಗೆ ಕರೆತಂದೆವು.

ಬಿಡುಗಡೆಯ ದಿನ ಮಕ್ಕಳ ವೈದ್ಯರು ಒಂದು ಮಾತು ಹೇಳಿದರು. ಇವಳನ್ನು ಬೇಗ ಬೇಗ ದಪ್ಪ ಮಾಡಲು ಹೋಗಬೇಡಿ, ದೊಡ್ಡವಳಾದ ಮೇಲೆ ಬಿಪಿ, ಸಕ್ಕರೆ ನೋಡಿಸುತ್ತಿರಿ ಎಂದರು. ಯಾಕೆಂದು ತಿಳಿಯಲು ಓದುತ್ತ ಹೋದಾಗ ನಮ್ಮ ಮೈಸೂರಿನದೇ ಒಂದು ಸಂಗತಿ ಸಿಕ್ಕಿತು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕವನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅದರ ಆಧಾರದಿಂದ, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ್ದ 517 ಜನರನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆಯಿದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು, 3.1 ಕಿಲೋ ಮೀರಿದವರಲ್ಲಿ ನೂರಕ್ಕೆ 3 ಜನರಿಗೆ. 1996ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇಂಗ್ಲೆಂಡಿನ ಸಂಶೋಧಕ ಡೇವಿಡ್ ಬಾರ್ಕರ್ ಕೂಡ ಇದ್ದರು. ಹೆರಿಗೆ ಮನೆಯಲ್ಲಿ ಯಾರೋ ಒಬ್ಬ ದಾದಿ ಬೇಸರಿಸದೆ ಬರೆದಿಟ್ಟ ತೂಕ ಅರವತ್ತು ವರ್ಷದ ಮೇಲೆ ಇಷ್ಟನ್ನು ತಿಳಿಸಿಕೊಟ್ಟಿತಲ್ಲ ಎಂದು, ಲೆಕ್ಕ ಬರೆಯುವ ನನಗೆ ಕೈ ಮುಗಿಯಬೇಕೆನಿಸಿತು.

ಎರಡನೆಯ ಮಗುವಿನ ಯೋಚನೆ ಮಾಡಿದ್ದು 2021ರಲ್ಲಿ. ಈ ಬಾರಿ ವೈದ್ಯೆಯ ಬಳಿ ಬಸುರಿಯಾಗುವ ಆರು ತಿಂಗಳು ಮೊದಲೇ ಹೋದೆ. ಬಿಪಿ, ಸಕ್ಕರೆ, ಥೈರಾಯ್ಡ್, ಮೂತ್ರಪಿಂಡ ಎಲ್ಲವನ್ನೂ ನೋಡಿದರು. ಕಾಫಿಯನ್ನು ಊಟತಿಂಡಿಯಿಂದ ದೂರ ಸರಿಸಿ, ಮಾತ್ರೆಯನ್ನು ನಿಂಬೆ ಪಾನಕದ ಜೊತೆ ನುಂಗಿ, ನುಗ್ಗೆಸೊಪ್ಪು, ಹುರುಳಿ, ಮೊಳಕೆಕಾಳುಗಳನ್ನು ಬಿಡದೆ ತಿಂದು ಹಿಮೋಗ್ಲೋಬಿನ್ನನ್ನು 12.4ಕ್ಕೆ ತಂದುಕೊಂಡೆ, ತೂಕ 49 ಕಿಲೋ ಆಯಿತು. ಮಗುವಿನ ಮಿದುಳುಬಳ್ಳಿ ಮುಚ್ಚಿಕೊಳ್ಳುವುದು ಗರ್ಭ ನಿಂತ ನಾಲ್ಕು ವಾರದೊಳಗಾದ್ದರಿಂದ ಫೋಲಿಕ್ ಆಮ್ಲವನ್ನು ಮೊದಲೇ ಶುರು ಮಾಡಿದೆ. ಮೊದಲ ಐದು ತಿಂಗಳು ಮಳೆಗಾಲದಲ್ಲಿ ಬರದಂತೆ ನೋಡಿಕೊಂಡದ್ದು ನಾವೇ ಮಾಡಿಕೊಂಡ ಲೆಕ್ಕ. 2022ರ ಏಪ್ರಿಲ್ ಮೊದಲ ವಾರ, ಹನ್ನೆರಡು ವಾರ ತುಂಬಿದಾಗ, ಗರ್ಭಕೋಶದ ಅಪಧಮನಿಗಳ ಡಾಪ್ಲರ್ ಮಾಡಿ, ರಾತ್ರಿ ಮಲಗುವಾಗ 150 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಳ್ಳಲು ಬರೆದುಕೊಟ್ಟರು. ಒಮ್ಮೆ ಬಿಪಿಯ ತೊಂದರೆ ಬಂದವರಿಗೆ ಈ ಮಾತ್ರೆಯನ್ನು ಹದಿನಾರು ವಾರದೊಳಗೆ ಶುರು ಮಾಡಿದರೆ, ತಿಂಗಳು ತುಂಬುವ ಮೊದಲೇ ಅದು ಮತ್ತೆ ಬರುವ ಸಂಭವ ತಗ್ಗುತ್ತದೆ. 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಅಪಾಯ ಹೆಚ್ಚಿರುವ ಗರ್ಭಿಣಿಯರಲ್ಲಿ ಆ ಸಂಭವ ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ಆದರೆ ಇದನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು, ಎಲ್ಲ ಬಸುರಿಯರಿಗೂ ಅಲ್ಲ.

ಮನೆಯಲ್ಲಿ ಅಡಿಕೆ ಬೇಯಿಸುವ ಒಲೆಯನ್ನು ತೋಟದ ಅಂಚಿಗೆ ಸಾಗಿಸಿದ್ದರು. ಅದನ್ನು ಮಾಡಿಸಿದ್ದು ಅತ್ತೆಯವರು, ನಾನು ಕೇಳಿರಲಿಲ್ಲ. ಇಪ್ಪತ್ತನೆಯ ವಾರದ ವರದಿಯನ್ನು ಈ ಸಲ ನಾನೇ ಕೊನೆಯ ಸಾಲಿನಿಂದ ಓದಲು ಶುರು ಮಾಡಿದೆ, ಹರಿವು ಸರಿಯಾಗಿತ್ತು. ಬಿಪಿ 36ನೆಯ ವಾರದಲ್ಲಿ 136/86ಕ್ಕೆ ಏರಿ ಅಲ್ಲಿಗೇ ನಿಂತಿತು. ಸೆಪ್ಟೆಂಬರ್ 30ರಂದು ಮಗ ಹುಟ್ಟಿದ, 2720 ಗ್ರಾಂ. ಮಾಸು 480 ಗ್ರಾಂ, ಎಲ್ಲೂ ಬಿಳಿ ತೇಪೆಯಿರಲಿಲ್ಲ. ಇದರಲ್ಲಿ ಆಸ್ಪಿರಿನ್ ಪಾಲೆಷ್ಟು, ರಕ್ತದ ಪಾಲೆಷ್ಟು, ಎರಡನೆಯ ಬಸುರಿನಲ್ಲಿ ಸಹಜವಾಗಿ ಸಿಗುವ ಅನುಕೂಲವೆಷ್ಟು ಎಂದು ಯಾರೂ ಬಿಡಿಸಿ ಹೇಳಲಾರರೆಂದು ವೈದ್ಯೆ ಆಗಲೇ ಹೇಳಿದರು. ಮೊದಲ ಸಲ ತಪ್ಪು ನನ್ನದಿತ್ತು ಎಂಬ ಭಾರವನ್ನು ಇಳಿಸಿಕೊಳ್ಳಿ, ಚೆನ್ನಾಗಿ ಉಂಡು ವಿಶ್ರಾಂತಿಯಲ್ಲಿದ್ದ ತಾಯಂದಿರಿಗೂ ಹೀಗಾಗುತ್ತದೆ ಎಂದೂ ಹೇಳಿದರು. ಅದನ್ನು ಅವರು ಹೇಳಿದ್ದು ಅತ್ತೆಯವರ ಎದುರಿಗೆ, ಬೇಕೆಂದೇ.

ಹೋದ ಆಷಾಢದಲ್ಲಿ ನನ್ನ ನಾದಿನಿ ತವರಿಗೆ ಬಂದವಳು ಎರಡು ದಿನ ಊಟ ಬಿಟ್ಟಳು. ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದು, "ಅವಳಿಗೆ ಆರು ವಾರ ಆಗಿರ್ಬೇಕು. ಯಾರಿಗೂ ಹೇಳೋದು ಬ್ಯಾಡ, ಆದ್ರೆ ನಾಳೆನೇ ಕರ್ಕೊಂಡು ಹೋಗಿ ಬಿಪಿ, ರಕ್ತ ನೋಡಿಸ್ಕೊಂಡು ಬಾ" ಎಂದರು. ಸುರಿಯುವ ಮಳೆಯಲ್ಲಿ ಒಂದೇ ಕೊಡೆಯಡಿ ಇಬ್ಬರೂ ನಾಲ್ಕು ಕಿಲೋಮೀಟರ್ ನಡೆದು ಬಸ್ಸು ಹಿಡಿದೆವು. ಬಿಪಿ 112/70, ಹಿಮೋಗ್ಲೋಬಿನ್ 10.2 ಇತ್ತು. ಹೊಸ ತಾಯಿ ಕಾರ್ಡಿನ ಮೊದಲ ಸಾಲಿನಲ್ಲಿ ಸಿಸ್ಟರ್ ಅದನ್ನು ಬರೆದರು, ಮಳೆನೀರು ತಾಗದಂತೆ ನಾನು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನಾದಿನಿಯ ಚೀಲದೊಳಗಿಟ್ಟೆ.